ಸಾಧಕರ ಅಭ್ಯಾಸ, ಸಾಧಕರ ಬಳಗ: ಉತ್ತರ ಕನ್ನಡದವರಿಗೊಂದು ಹನ್ನೆರಡು ವಾರದ ಮಾರ್ಗದರ್ಶಿ

ದೊಡ್ಡ ಸಾಧನೆ ಮಾಡಿದವರ ದಿನಚರಿ ಕೇಳಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ಬೆಳಗಿನ ಜಾವ ಏಳುತ್ತಾರೆ, ಓದುತ್ತಾರೆ, ವ್ಯಾಯಾಮ ಮಾಡುತ್ತಾರೆ. ಇದೇ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡು ಮೂರನೇ ವಾರಕ್ಕೆ ಕೈಬಿಟ್ಟವರು ಎಲ್ಲ ಊರಲ್ಲೂ ಇದ್ದಾರೆ. ಐದಕ್ಕೆ ಎದ್ದೂ ಎಲ್ಲಿಗೂ ತಲುಪದವರನ್ನು ಯಾರೂ ಮಾತಾಡಿಸುವುದಿಲ್ಲ. ಹಾಗಾಗಿ ಬೇಗ ಏಳುವುದೇ ಗುಟ್ಟು ಎಂದು ಅನ್ನಿಸಿಬಿಡುತ್ತದೆ.

ನಮ್ಮ ಜಿಲ್ಲೆಯವರನ್ನೇ ನೋಡಿ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಶಾಲೆ ಕಲಿತವರಲ್ಲ. ಚಿಕ್ಕಂದಿನಲ್ಲೇ ತಾಯಿಯ ಜೊತೆ ಅರಣ್ಯ ಇಲಾಖೆಯ ನರ್ಸರಿಗೆ ಕೂಲಿಗೆ ಹೋದರು. ದಶಕಗಳ ಕಾಲ ಬೀಜ, ಮಡಿ, ಸಸಿಗಳನ್ನೇ ನೋಡುತ್ತ, ಯಾವ ತಾಯಿಮರದ ಬೀಜವನ್ನು ಯಾವಾಗ ಆರಿಸಬೇಕು ಎಂಬುದನ್ನು ಕರಗತ ಮಾಡಿಕೊಂಡರು. 2020ನೇ ಸಾಲಿನ ಪದ್ಮಶ್ರೀ ಅವರಿಗೆ ಬಂತು. ಹೊನ್ನಾವರ ತಾಲ್ಲೂಕಿನ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಮಗ ಶಂಭು ಹೆಗಡೆ, ಮೊಮ್ಮಗ ಶಿವಾನಂದ ಹೆಗಡೆಯವರ ಕೈಯಲ್ಲಿ ಮುಂದುವರಿಯಿತು. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಸ್ಥಾಪಿಸಿ ಶಾಲೆಗಳನ್ನು ಕಟ್ಟಿದರು, 1967ರಲ್ಲಿ ಲೋಕಸಭೆಗೂ ಆರಿಸಿಹೋದರು. ಅಷ್ಟರ ನಡುವೆಯೂ ನಾಲ್ಕೇ ಸಾಲಿನ ಚುಟುಕಗಳನ್ನು ರಾಶಿರಾಶಿಯಾಗಿ ಬರೆದರು.

ಈ ಬದುಕುಗಳು ಒಂದನ್ನೊಂದು ಹೋಲುವುದಿಲ್ಲ. ಆದರೂ ಎರಡು ಸಂಗತಿ ಮೂರರಲ್ಲೂ ಇವೆ. ಒಂದು, ಕೆಲಸದ ತಿರುಳಿಗೇ ಸೇರಿದ ಒಂದು ಚಿಕ್ಕ ಕ್ರಿಯೆ ವರ್ಷಗಟ್ಟಲೆ ನಡೆದದ್ದು. ಇನ್ನೊಂದು, ಆ ಕ್ರಿಯೆಗಾಗಿ ಕಾಯುವ ಜನ ಸುತ್ತ ಇದ್ದದ್ದು: ನರ್ಸರಿಯವರು, ಮೇಳದವರು, ಓದುಗರು. ಯಾರೂ ಕಾಯದ ಅಭ್ಯಾಸ ಬಹುಕಾಲ ಬದುಕುವುದಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಅಭ್ಯಾಸವನ್ನೂ ಬಳಗವನ್ನೂ ಒಟ್ಟಿಗೇ ಕಟ್ಟುತ್ತೇವೆ. ಒಂದು ನೋಟ್‌ಬುಕ್, ಒಂದು ಗೋಡೆ ಕ್ಯಾಲೆಂಡರ್, ಒಂದು ಪೆನ್ನು ಇದ್ದರೆ ಸಾಕು.

ಮೊದಲ ಹೆಜ್ಜೆ: ಒಂದೇ ಅಭ್ಯಾಸ, ಅದೂ ಕೆಲಸದ ತಿರುಳಿನದು

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹನ್ನೆರಡು ವಾರದ ನಂತರ ಕೈಯಲ್ಲಿ ಏನಿರಬೇಕು ಎಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ. ಅದು ಎಣಿಸಿ ತೋರಿಸಬಹುದಾದದ್ದಾಗಿರಲಿ. ಕೆಎಎಸ್ ಪರೀಕ್ಷೆಗೆ ಓದುವವರಾದರೆ "24 ಪ್ರಬಂಧ, ತಿದ್ದಿಸಿಕೊಂಡದ್ದು". ಭಾಗವತಿಕೆ, ಅಂದರೆ ಯಕ್ಷಗಾನದ ಹಾಡುಗಾರಿಕೆ ಕಲಿಯುವವರಾದರೆ "ಒಂದು ಪ್ರಸಂಗದ ಪದ್ಯಗಳೆಲ್ಲ ಬಾಯಿಪಾಠ, ತಾಳ ತಪ್ಪದೆ". ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುವವರಾದರೆ "12 ವಾರದ ಖರ್ಚು, ಮಾರಾಟ, ಬಾಕಿ ದಿನದಿನದ ಲೆಕ್ಕದಲ್ಲಿ".

ಈಗ ಆ ಸಾಲಿನ ಫಲಕ್ಕೆ ನೇರವಾಗಿ ದಾರಿಯಾಗುವ ಕ್ರಿಯೆ ಯಾವುದೋ ಅದನ್ನು ಮಾತ್ರ ಆರಿಸಿ. ಬೇಗ ಏಳುವುದು, ಟೇಬಲ್ ಒಪ್ಪ ಮಾಡುವುದು, ಪ್ರೇರಣೆಯ ವಿಡಿಯೋ ನೋಡುವುದು ಇವೆಲ್ಲ ಸಿದ್ಧತೆ. ಸಿದ್ಧತೆಯನ್ನೇ ಅಭ್ಯಾಸ ಮಾಡಿಕೊಂಡವರಿಗೆ ದಿನವಿಡೀ ದುಡಿದ ತೃಪ್ತಿ ಸಿಗುತ್ತದೆ, ಪ್ರಬಂಧ ಮಾತ್ರ ಹುಟ್ಟುವುದಿಲ್ಲ. ಒಟ್ಟಿಗೆ ನಾಲ್ಕು ಅಭ್ಯಾಸ ಶುರು ಮಾಡುವುದು ಎರಡನೇ ದೊಡ್ಡ ತಪ್ಪು. ಒಂದು ತಪ್ಪಿದ ದಿನ ಉಳಿದ ಮೂರರ ಮೇಲೂ ಮನಸ್ಸು ಒಡೆಯುತ್ತದೆ.

ಎರಡನೇ ಹೆಜ್ಜೆ: ಯಾವುದರ ಬೆನ್ನಿಗೆ ಕಟ್ಟಬೇಕು

"ದಿನಾ ಓದುತ್ತೇನೆ" ಎಂಬುದು ಬರೀ ಆಸೆ. "ಬೆಳಗಿನ ಚಾ ಕುಡಿದು ಲೋಟ ತೊಳೆದಿಟ್ಟ ಕೂಡಲೇ, ಜಗಲಿಯ ಮೇಜಿನ ಹತ್ತಿರ ಕೂತು, ಪ್ರಬಂಧದ ಒಂದು ಪ್ಯಾರಾ ಬರೆಯುತ್ತೇನೆ" ಎಂದರೆ ಅದು ಯೋಜನೆ. ಯಾವಾಗ, ಎಲ್ಲಿ, ಏನು ಎಂಬ ಮೂರನ್ನೂ ಮೊದಲೇ ಹೀಗೆ ಕಟ್ಟಿಟ್ಟುಕೊಂಡವರು ಹೇಳಿದ್ದನ್ನು ಮಾಡುವ ಸಾಧ್ಯತೆ ಹೆಚ್ಚು ಎಂಬುದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ 1990ರ ದಶಕದಿಂದ ಪ್ರಯೋಗಗಳಲ್ಲಿ ತೋರಿಸುತ್ತ ಬಂದಿದ್ದಾರೆ. ಮುಂದೇನು ಎಂದು ಆ ಗಳಿಗೆಯಲ್ಲಿ ಯೋಚಿಸುವ ಕೆಲಸವೇ ಉಳಿಯುವುದಿಲ್ಲವಾದ್ದರಿಂದ ಮನಸ್ಸಿಗೆ ಜಾರಿಕೊಳ್ಳಲು ಸಂದು ಸಿಗುವುದಿಲ್ಲ.

ಅಭ್ಯಾಸವನ್ನು ಕಟ್ಟುವ ಗೂಟಕ್ಕೆ, ಅಂದರೆ ಅದರ ಮುಂಚೆ ದಿನಾ ನಡೆಯುವ ಕ್ರಿಯೆಗೆ, ಮೂರು ಗುಣ ಬೇಕು. ಅದು ದಿನಾ ತಪ್ಪದೆ ನಡೆಯಬೇಕು. ಅದಕ್ಕೆ ಸ್ಪಷ್ಟವಾದ ಕೊನೆ ಇರಬೇಕು, ಹಾಲು ಕರೆದು ಕೈ ತೊಳೆದದ್ದು, ದೇವರ ದೀಪ ಹಚ್ಚಿದ್ದು, ಅಂಗಡಿಯ ಶಟರ್ ಎಳೆದದ್ದು ಹೀಗೆ. ಮತ್ತು ಅದು ಮಳೆಗಾಲದಲ್ಲೂ ಇರಬೇಕು. ಕಾರವಾರದ ಕಡಲದಂಡೆಯಲ್ಲಿ ವಾಕಿಂಗ್ ಮುಗಿಸಿ ಬಂದು ಓದುತ್ತೇನೆ ಎಂದುಕೊಂಡವರ ಓದು ಜೂನ್ ಮೊದಲ ವಾರವೇ ನಿಲ್ಲುತ್ತದೆ. ಓದಲು ಅವರಿಗೆ ಬೇಸರ ಬಂದದ್ದಲ್ಲ, ವಾಕಿಂಗ್ ನಿಂತಿತು, ಅದರ ಬೆನ್ನಿಗಿದ್ದ ಓದೂ ಹೋಯಿತು. ಗಡಿಯಾರದ ಹೊತ್ತನ್ನು ಗೂಟ ಮಾಡುವುದೂ ಅಷ್ಟು ಒಳ್ಳೆಯದಲ್ಲ. ಬಸ್ಸು ಅರ್ಧ ಗಂಟೆ ತಡವಾದರೆ ಸಂಜೆ ಆರು ಎಂಬುದು ದಾಟಿಯೇ ಹೋಗಿರುತ್ತದೆ.

ಬಸ್ಸಿನಲ್ಲಿ ಓದುವವರಿಗೆ ಒಂದು ಮಾತು. ಕುಮಟಾ–ಸಿರ್ಸಿ ನಡುವೆ ದೇವಿಮನೆ ಘಟ್ಟದಲ್ಲಾಗಲಿ, ಬೇರೆ ಘಟ್ಟದ ದಾರಿಗಳಲ್ಲಾಗಲಿ ನೆಟ್‌ವರ್ಕ್ ನಂಬಬೇಡಿ. ಪಾಠವನ್ನು ಹಿಂದಿನ ರಾತ್ರಿಯೇ ಇಳಿಸಿಟ್ಟುಕೊಳ್ಳಿ. ತಿರುವುಗಳಲ್ಲಿ ಓದಿದರೆ ತಲೆ ಸುತ್ತುತ್ತದೆ, ಘಟ್ಟ ಹತ್ತುವಾಗ ಕೇಳುವ ಪಾಠ, ಬಯಲಿಗೆ ಬಂದ ಮೇಲೆ ಓದುವ ಪಾಠ ಎಂದು ಭಾಗ ಮಾಡಿಕೊಳ್ಳಿ.

ಮೂರನೇ ಹೆಜ್ಜೆ: ಎರಡು ಅಳತೆ

ಪ್ರತಿ ಅಭ್ಯಾಸಕ್ಕೂ ಎರಡು ಅಳತೆ ಇಟ್ಟುಕೊಳ್ಳಿ. ಪೂರ್ಣ ಅಳತೆ 30ರಿಂದ 40 ನಿಮಿಷ. ಮಳೆಗಾಲದ ಅಳತೆ 5 ನಿಮಿಷ. ಕರೆಂಟು ಹೋದ ದಿನ, ಜ್ವರ ಬಂದ ದಿನ, ಮನೆಗೆ ನೆಂಟರು ಬಂದ ದಿನ, ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬಂದ ಮರುದಿನ ಚಿಕ್ಕ ಅಳತೆ ಸಾಕು. ಪ್ರಬಂಧವಾದರೆ ಮೂರು ವಾಕ್ಯ, ಭಾಗವತಿಕೆಯಾದರೆ ಒಂದು ಪದ್ಯ, ಲೆಕ್ಕವಾದರೆ ಆ ದಿನದ ಒಟ್ಟು ಮಾರಾಟದ ಒಂದೇ ಅಂಕಿ. ಎರಡನ್ನೂ ಕ್ಯಾಲೆಂಡರಿನಲ್ಲಿ ಗುರುತು ಮಾಡಿ: ಪೂರ್ಣಕ್ಕೆ ತುಂಬಿದ ವೃತ್ತ, ಚಿಕ್ಕದ್ದಕ್ಕೆ ಖಾಲಿ ವೃತ್ತ.

ಯಕ್ಷಗಾನದವರು ಇದನ್ನು ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. ಮಳೆ ಹಿಡಿದು ಬಯಲಾಟ ನಿಂತರೆ ಕಲೆ ನಿಲ್ಲುವುದಿಲ್ಲ, ತಾಳಮದ್ದಳೆ ಶುರುವಾಗುತ್ತದೆ. ವೇಷ ಇಲ್ಲ, ಕುಣಿತ ಇಲ್ಲ, ರಂಗಸ್ಥಳ ಇಲ್ಲ. ಭಾಗವತಿಕೆ ಮತ್ತು ಅರ್ಥಗಾರಿಕೆ (ಪಾತ್ರಗಳ ಮಾತು) ಮಾತ್ರ ಉಳಿಯುತ್ತವೆ, ಮತ್ತು ಬೇಸಿಗೆಯ ವೇಳೆಗೆ ಮಾತು ಮೊದಲಿಗಿಂತ ಹರಿತವಾಗಿರುತ್ತದೆ. ನಿಮ್ಮ ಅಭ್ಯಾಸದಲ್ಲಿ ವೇಷ ಯಾವುದು, ಅರ್ಥ ಯಾವುದು ಎಂಬುದನ್ನು ಈಗಲೇ ವಿಂಗಡಿಸಿಟ್ಟುಕೊಳ್ಳಿ.

ಎಷ್ಟು ದಿನದಲ್ಲಿ ಅಭ್ಯಾಸ ಮೈಗೂಡುತ್ತದೆ? 21 ದಿನ ಎಂಬ ಮಾತಿಗೆ ಆಧಾರವಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಿಕ್ಕ ನಡುವಣ ಅಂಕಿ 66 ದಿನ. ವ್ಯತ್ಯಾಸ ಮಾತ್ರ ದೊಡ್ಡದು, 18 ದಿನದಿಂದ 254 ದಿನದವರೆಗೆ. ಸುಲಭದ ಕೆಲಸ ಬೇಗ ಕೂಡುತ್ತದೆ, ಮೈ ದಣಿಸುವುದು ತಡವಾಗುತ್ತದೆ. ನಡುವೆ ಒಂದು ದಿನ ತಪ್ಪಿದರೆ ಹಾನಿಯಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿ ಕಂಡಿತು. ನಮ್ಮ ನಿಯಮವೂ ಅಷ್ಟೇ: ಒಂದು ದಿನ ತಪ್ಪಬಹುದು, ಸತತ ಎರಡು ದಿನ ತಪ್ಪಬಾರದು. ತಪ್ಪಿದ ದಿನದ ಬಾಕಿಯನ್ನು ಮರುದಿನ ತೀರಿಸಲು ಹೋಗಬೇಡಿ. 80 ನಿಮಿಷ ಕೂರಬೇಕೆಂಬ ಭಯದಲ್ಲೇ ಎರಡನೇ ದಿನವೂ ತಪ್ಪುತ್ತದೆ.

ನಾಲ್ಕನೇ ಹೆಜ್ಜೆ: ಕೂತ ಹೊತ್ತಿನಲ್ಲಿ ಏನು ನಡೆಯಬೇಕು

ಕೂತದ್ದೇ ಸಾಧನೆಯಲ್ಲ. ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಬಗ್ಗೆ ಪ್ರಕಟಿಸಿದ ಅಧ್ಯಯನದಿಂದ ಜನರ ನೆನಪಿನಲ್ಲಿ ಉಳಿದದ್ದು ಹತ್ತು ಸಾವಿರ ಗಂಟೆಯ ಅಭ್ಯಾಸ ಎಂಬ ಅಂಕಿ. ಅದು ಸರಾಸರಿ ಮಾತ್ರ, ದಾಟಬೇಕಾದ ಗೆರೆಯಲ್ಲ. ಅದರಲ್ಲಿ ಕಲಿಯಬೇಕಾದದ್ದು ಬೇರೆ: ಮುಂದಿದ್ದವರು ಒಬ್ಬರೇ ಕೂತು, ತಮಗೆ ಬಾರದ ಭಾಗವನ್ನೇ ಆರಿಸಿ ತಿದ್ದಿಕೊಳ್ಳುತ್ತಿದ್ದರು, ನಡುವೆ ಬಿಡುವು ಕೊಡುತ್ತಿದ್ದರು, ಚೆನ್ನಾಗಿ ನಿದ್ದೆಯನ್ನೂ ಮಾಡುತ್ತಿದ್ದರು.

40 ನಿಮಿಷವನ್ನು ಹೀಗೆ ಹಂಚಿ. ಮೊದಲ 5 ನಿಮಿಷ ಪುಸ್ತಕ ಮುಚ್ಚಿ ನಿನ್ನೆಯದನ್ನು ನೆನಪಿನಿಂದಲೇ ಬರೆಯಿರಿ ಅಥವಾ ಹೇಳಿ. ಮುಂದಿನ 25 ನಿಮಿಷ ಒಂದೇ ಒಂದು ಕಷ್ಟದ ಭಾಗ. ಭಾಗವತಿಕೆಯವರು ಪ್ರಸಂಗವನ್ನು ಮೊದಲಿಂದ ಕೊನೆವರೆಗೆ ಹಾಡದೆ, ತಾಳ ಜಾರುವ ಎರಡು ಸಾಲನ್ನು ಮಾತ್ರ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಕೇಳಿ, ಮತ್ತೆ ಹಾಡಬೇಕು. ಕೊನೆಯ 10 ನಿಮಿಷದಲ್ಲಿ ಎಲ್ಲಿ ತಪ್ಪಿತು, ನಾಳೆ ಎಲ್ಲಿಂದ ಎಂದು ಎರಡು ಸಾಲು ಬರೆದಿಟ್ಟು, ಕಲಿತ ಹಳೆಯ ಭಾಗವೊಂದನ್ನು ಪರೀಕ್ಷಿಸಿಕೊಳ್ಳಿ. ಹಳೆಯದನ್ನು 1, 3, 7, 21ನೇ ದಿನಗಳಲ್ಲಿ ಮರಳಿ ನೋಡಿದರೆ ಹೆಚ್ಚು ಕಾಲ ಉಳಿಯುತ್ತದೆ. ಈ ಅಂಕಿಗಳು ಶಾಸ್ತ್ರವಲ್ಲ, ಅಂತರ ಹಿಗ್ಗುತ್ತ ಹೋಗಬೇಕು ಎಂಬುದಷ್ಟೇ ಮುಖ್ಯ.

ಫೋನು ಇನ್ನೊಂದು ಕೋಣೆಯಲ್ಲಿರಲಿ. ರೆಕಾರ್ಡಿಂಗಿಗೆ ಬೇಕಾದರೆ ಏರೋಪ್ಲೇನ್ ಮೋಡ್ ಹಾಕಿ.

ಐದನೇ ಹೆಜ್ಜೆ: ಬಳಗದ ನಕ್ಷೆ

ಇಲ್ಲಿ ಆತುರ ಬೇಡ, ಒಂದು ಭಾನುವಾರ ಪೂರ್ತಿ ಇಟ್ಟುಕೊಳ್ಳಿ. ನೋಟ್‌ಬುಕ್ಕಿನ ಎರಡು ಪುಟ ಬಿಡಿಸಿ, ನಡುವೆ ನಿಮ್ಮ ಹೆಸರು ಬರೆದು ಸುತ್ತ ಐದು ಜಾಗ ಮಾಡಿ: ತಿದ್ದುವವರು, ಜೊತೆಗಾರರು, ಮನೆಯವರು, ದೂರದ ಪರಿಚಯದವರು, ನಿಮ್ಮಿಂದ ಕಲಿಯುವವರು. ಪ್ರತಿ ಜಾಗದಲ್ಲೂ ಹೆಸರು ತುಂಬಿ. ಒಬ್ಬರ ಹೆಸರೇ ಮೂರು ಕಡೆ ಬಂದರೆ ಅವರ ಮೇಲೆ ಭಾರ ಹೆಚ್ಚಾಗಿದೆ ಎಂದರ್ಥ, ಖಾಲಿ ಉಳಿದ ಜಾಗವೇ ಈ ಹನ್ನೆರಡು ವಾರದ ಕೆಲಸ.

ತಿದ್ದುವವರು ಎಂದರೆ ದೊಡ್ಡ ಹೆಸರಿನವರೇ ಆಗಬೇಕಿಲ್ಲ. ನಿಮ್ಮ ಕೆಲಸ ನೋಡಿ "ಇಲ್ಲಿ ತಪ್ಪಿದೆ" ಎಂದು ಬೆರಳಿಟ್ಟು ತೋರಿಸಬಲ್ಲವರು ಬೇಕು. ಹಳೆಯ ಮಾಸ್ತರು, ಅಕ್ಕೋರು, ನಿವೃತ್ತ ಅಧಿಕಾರಿ, ಮೇಳ ಬಿಟ್ಟು ಮನೆಯಲ್ಲಿರುವ ಹಿರಿಯ ಭಾಗವತರು, ಸೊಸೈಟಿಯಲ್ಲಿ ಲೆಕ್ಕ ನೋಡಿದವರು ಇಂಥವರು ಪ್ರತಿ ಊರಲ್ಲೂ ಇದ್ದಾರೆ. ಹೆಚ್ಚಿನವರು ಸಹಾಯಕ್ಕೆ ಸಿದ್ಧರಿರುತ್ತಾರೆ. ನಾವು ಕೇಳುವ ರೀತಿಯಲ್ಲೇ ಕೆಲಸ ಕೆಡುತ್ತದೆ. "ನನಗೆ ಮಾರ್ಗದರ್ಶನ ಮಾಡಿ ಸರ್" ಎಂದರೆ ಎಲ್ಲಿಂದ ಶುರು ಮಾಡಬೇಕು ಎಂಬುದು ಅವರಿಗೂ ತಿಳಿಯದು. "ಆಯ್ತು, ಬಾ ಒಂದು ದಿನ" ಎನ್ನುತ್ತಾರೆ, ಆ ಒಂದು ದಿನ ಬರುವುದಿಲ್ಲ. ಹೀಗೆ ಕೇಳಿ ನೋಡಿ:

"ಮಾಸ್ತರೆ, ನಮಸ್ಕಾರ. ಪರೀಕ್ಷೆಗೆ ವಾರಕ್ಕೆ ಎರಡು ಪ್ರಬಂಧ ಬರೀತಾ ಇದ್ದೇನೆ. ಒಂದನ್ನ ಕಳಿಸಿದ್ದೇನೆ, ಎರಡು ಪುಟ ಇದೆ. ಎರಡನೇ ಪ್ಯಾರಾದಲ್ಲಿ ವಾದ ಸಡಿಲ ಆಗಿದೆ ಅನಿಸ್ತದೆ. ಅದೊಂದನ್ನೇ ನೋಡಿ ಎಲ್ಲಿ ತಪ್ಪಿದೆ ಹೇಳ್ತೀರಾ? ಮುಂದಿನ ಭಾನುವಾರದೊಳಗೆ ತಿದ್ದಿ ಮತ್ತೆ ತೋರಿಸ್ತೇನೆ."

ಇದರಲ್ಲಿ ನೀವು ಆಗಲೇ ಕೆಲಸ ಮಾಡುತ್ತಿದ್ದೀರಿ ಎಂಬ ಪುರಾವೆ ಇದೆ, ಪ್ರಶ್ನೆ ಒಂದೇ ಇದೆ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಮತ್ತು ಅವರ ಮಾತು ವ್ಯರ್ಥವಾಗುವುದಿಲ್ಲ ಎಂಬ ಭರವಸೆ ಇದೆ. ಆ ಕೊನೆಯದನ್ನು ನಡೆಸಿಕೊಡುವುದೇ ಸಂಬಂಧದ ಜೀವಾಳ. ಹೇಳಿಸಿಕೊಂಡ ಹತ್ತು ದಿನದೊಳಗೆ ತಿದ್ದಿದ್ದನ್ನು ತೋರಿಸಿ. ಸಲಹೆ ಹಿಡಿಸದೆ ಬೇರೆ ದಾರಿ ಹಿಡಿದಿದ್ದರೂ ಯಾಕೆ ಎಂದು ವಿನಯದಿಂದ ಹೇಳಿ, ಮೌನವಾಗಬೇಡಿ. ತಿಂಗಳಿಗೊಮ್ಮೆ ಸಾಕು. ವಾರಕ್ಕೆ ಮೂರು ಸಲ ಕೇಳತೊಡಗಿದರೆ ಎಂಥ ಸಹನೆಯವರೂ ಫೋನು ಎತ್ತುವುದು ಬಿಡುತ್ತಾರೆ.

ಜೊತೆಗಾರ ಒಬ್ಬನೇ ಸಾಕು, ಹೆಚ್ಚೆಂದರೆ ಇಬ್ಬರು. ಹತ್ತು ಜನರ ವಾಟ್ಸಾಪ್ ಗುಂಪು ಮಾಡಿದರೆ ಎರಡನೇ ವಾರಕ್ಕೆ ಅಲ್ಲಿ ಶುಭೋದಯದ ಚಿತ್ರಗಳಷ್ಟೇ ಉಳಿಯುತ್ತವೆ. ಹಳ್ಳಿಯ ಮುಯ್ಯಾಳಿನ ಕ್ರಮವನ್ನೇ ಇಲ್ಲಿ ತನ್ನಿ: ಈ ವಾರ ನಿಮ್ಮ ಪ್ರಬಂಧ ಅವರು ಓದುತ್ತಾರೆ, ಮುಂದಿನ ವಾರ ಅವರದ್ದನ್ನು ನೀವು. ಭಾನುವಾರ ಸಂಜೆ 15 ನಿಮಿಷದ ಫೋನು, ಮೂರು ಪ್ರಶ್ನೆ: ಎಷ್ಟು ದಿನ ಆಯಿತು, ಎಲ್ಲಿ ಸಿಕ್ಕಿಕೊಂಡಿತು, ಮುಂದಿನ ವಾರ ಏನು ಕಳಿಸುತ್ತೀ. ಜೊತೆಗಾರ ನಿಮ್ಮ ಆತ್ಮೀಯ ಗೆಳೆಯನೇ ಆಗಿದ್ದರೆ ತಪ್ಪಿಸಿಕೊಂಡದ್ದನ್ನು ಕ್ಷಮಿಸಿಬಿಡುತ್ತಾನೆ. ಸ್ವಲ್ಪ ದೂರದ, ಅದೇ ಗುರಿಯ ಪರಿಚಯಸ್ಥ ಇದ್ದರೆ ಇಬ್ಬರಿಗೂ ಒಳ್ಳೆಯದು.

ಮನೆಯವರ ವಿಷಯ ಅಭ್ಯಾಸದ ಪುಸ್ತಕಗಳಲ್ಲಿ ಬರುವುದೇ ಕಡಿಮೆ, ಆದರೆ ಹೆಚ್ಚಿನ ಅಭ್ಯಾಸಗಳು ಸಾಯುವುದು ಅಡುಗೆಮನೆ ಮತ್ತು ಜಗಲಿಯ ನಡುವೆ. ನಿಮ್ಮ 40 ನಿಮಿಷದಲ್ಲಿ ಯಾರೋ ನಿಮ್ಮ ಪಾಲಿನ ಕೆಲಸ ಮಾಡುತ್ತಿರುತ್ತಾರೆ. ಅದನ್ನು ಬಾಯಿಬಿಟ್ಟು ಕೇಳಿ, ಬದಲಿಗೆ ಒಂದು ಕೆಲಸ ಹೊತ್ತುಕೊಳ್ಳಿ: "ಆಯಿ, ಬೆಳಿಗ್ಗೆ ಚಾ ಆದ ಮೇಲೆ ನನ್ನನ್ನ ಕರೀಬೇಡ. ಸಂಜೆ ದನಗಳ ಕೆಲಸ ನಾನೇ ನೋಡ್ಕೊಳ್ತೇನೆ." ಹೆಣ್ಣುಮಕ್ಕಳ ಪರಿಸ್ಥಿತಿ ಇದಕ್ಕಿಂತ ಕಠಿಣ. ಉಪ್ಪಿನಕಾಯಿ ಉದ್ಯಮ ನಡೆಸುವಾಕೆ ರಾತ್ರಿ ಪಾತ್ರೆ ತೊಳೆದಾದ ಮೇಲೆ ಲೆಕ್ಕ ಬರೆಯಬೇಕು ಎಂದಾದರೆ ಅದು ಆಕೆಯ ಮನೋಬಲದ ಪ್ರಶ್ನೆಯಲ್ಲ, ಮನೆಯಲ್ಲಿ ಕೆಲಸ ಹಂಚಿಕೆಯಾಗದ ಪ್ರಶ್ನೆ. ಪಾತ್ರೆಯನ್ನು ಮನೆಯ ಇನ್ನೊಬ್ಬರು ತೊಳೆಯುವ ಏರ್ಪಾಡನ್ನು ಮೊದಲು ಮಾಡಬೇಕು, ಲೆಕ್ಕದ ಅಭ್ಯಾಸ ಆಮೇಲೆ.

ಇನ್ನು ದೂರದ ಪರಿಚಯದವರು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಪರಿಚಯದ ಮೂಲಕ ಕೆಲಸ ಹಿಡಿದವರನ್ನು ವಿಚಾರಿಸಿದಾಗ ಪದೇಪದೇ ಭೇಟಿಯಾಗುವವರಿಂದ ಸುದ್ದಿ ಸಿಕ್ಕದ್ದು ಶೇಕಡಾ 17ರಷ್ಟು ಮಂದಿಗೆ ಮಾತ್ರ. ಉಳಿದವರಿಗೆಲ್ಲ ಆಗೀಗ ಅಥವಾ ಅಪರೂಪಕ್ಕೆ ಸಿಗುವವರಿಂದ. ಆಪ್ತರಿಗೆ ಗೊತ್ತಿರುವುದು ಸಾಮಾನ್ಯವಾಗಿ ನಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ಬರುವುದು ಬೇರೆ ಬಳಗದಲ್ಲಿ ಓಡಾಡುವವರಿಂದ. ನಮ್ಮ ಜಿಲ್ಲೆಗೆ ಈ ಸಂಪತ್ತು ಧಾರಾಳವಾಗಿದೆ. ಮುಂಬೈ, ಬೆಂಗಳೂರು, ಗೋವಾ, ಹುಬ್ಬಳ್ಳಿ, ಗಲ್ಫ್‌ನಲ್ಲಿರುವವರು ಚೌತಿಗೆ, ಊರ ಬಂಡಿಹಬ್ಬಕ್ಕೆ, ಎರಡು ವರ್ಷಕ್ಕೊಮ್ಮೆ ನಡೆಯುವ ಸಿರ್ಸಿ ಮಾರಿಕಾಂಬಾ ಜಾತ್ರೆಗೆ ಊರಿಗೆ ಬಂದೇ ಬರುತ್ತಾರೆ. ಚೌತಿಗೆ ಮೂರು ವಾರ ಮುಂಚೆ ಅಂಥ ಐದು ಹೆಸರು ಬರೆದಿಟ್ಟುಕೊಳ್ಳಿ. ಹಬ್ಬದ ದಿನ ಬೇಡ, ಮರುದಿನವೋ ಮೂರನೇ ದಿನವೋ 20 ನಿಮಿಷ ಕೇಳಿ. ಕೆಲಸ ಕೊಡಿಸಿ ಎನ್ನಬೇಡಿ. ಅವರ ಕ್ಷೇತ್ರಕ್ಕೆ ಹೊಸಬರು ಹೇಗೆ ಬರುತ್ತಾರೆ, ಏನು ಬಾರದೆ ಸೋಲುತ್ತಾರೆ ಎಂದು ಕೇಳಿ. ವರ್ಷಕ್ಕೆ ಎರಡು ಸಲ, ಏನೂ ಬೇಡದೆ, ನಿಮ್ಮ ಕೆಲಸ ಎಲ್ಲಿಗೆ ಬಂತು ಎಂದು ಎರಡು ಸಾಲು ಬರೆದು ಕಳಿಸಿ. ಬೇಕಾದಾಗ ಮಾತ್ರ ನೆನಪಾಗುವವರ ಸಂದೇಶವನ್ನು ಯಾರಾದರೂ ಬೇಗನೆ ಗುರುತಿಸುತ್ತಾರೆ.

ಕಲಿಯುವವರ ಜಾಗಕ್ಕೆ ಒಬ್ಬ ತಂಗಿ, ಪಕ್ಕದ ಮನೆಯ ಹುಡುಗ ಸಾಕು. ವಾರಕ್ಕೆ ಅರ್ಧ ಗಂಟೆ ಹೇಳಿಕೊಟ್ಟರೆ ನಿಮಗೇ ಗೊತ್ತಿಲ್ಲದ್ದು ಎಲ್ಲಿದೆ ಎಂಬುದು ಬಯಲಾಗುತ್ತದೆ.

ಒಬ್ಬ ಮನುಷ್ಯ ನಿಜವಾಗಿ ಕಾಪಾಡಿಕೊಳ್ಳಬಲ್ಲ ಸಂಬಂಧಗಳು ಸುಮಾರು 150, ಅದರಲ್ಲಿ ತೀರಾ ಹತ್ತಿರದವರು 5, ನಂತರದ ಸುತ್ತು 15 ಎಂದು ಮಾನವಶಾಸ್ತ್ರಜ್ಞ ರಾಬಿನ್ ಡನ್‌ಬಾರ್ ಲೆಕ್ಕ ಹಾಕಿದ್ದಾರೆ. ಅಂಕಿಗಳ ಬಗ್ಗೆ ವಾದಗಳಿವೆ, ಆದರೂ ನಕ್ಷೆಯಲ್ಲಿ 15ಕ್ಕಿಂತ ಹೆಚ್ಚು ಹೆಸರು ಬೇಡ.

ಋತುವಿನ ಪಟ್ಟಿ

ಕ್ಯಾಲೆಂಡರಿನಲ್ಲಿ ನಿಮ್ಮ ಮನೆಯ ಒತ್ತಡದ ತಿಂಗಳುಗಳಿಗೆ ಮೊದಲೇ ಬಣ್ಣ ಹಚ್ಚಿ. ಅಡಕೆ ತೋಟದವರಿಗೆ ನವೆಂಬರ್‌ನಿಂದ ಜನವರಿವರೆಗೆ ಕೊನೆಕೊಯ್ಲು (ಅಡಕೆ ಗೊನೆ ಕೊಯ್ಯುವುದು), ಸುಲಿಯುವುದು, ಬೇಯಿಸುವುದು, ರಾತ್ರಿ ಹತ್ತರವರೆಗೂ ಕೈಗೆ ಬಿಡುವಿಲ್ಲ. ಆ ತಿಂಗಳುಗಳಲ್ಲಿ ಚಿಕ್ಕ ಅಳತೆಯೇ ನಿಯಮ, ಪೂರ್ಣ ಅಳತೆ ಸಿಕ್ಕರೆ ಲಾಭ. ಸುಲಿಯುತ್ತ ಕೂತಾಗ ಕಿವಿ ಖಾಲಿ ಇರುತ್ತದೆ, ಕೇಳುವ ಪಾಠವನ್ನು ಅದಕ್ಕೆ ಇಟ್ಟುಕೊಳ್ಳಿ. ಮೀನುಗಾರಿಕೆಯ ಮನೆಗಳಲ್ಲಿ ಲೆಕ್ಕ ಬೇರೆ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧ. ಆ 61 ದಿನಗಳಲ್ಲಿ ಬಲೆ, ಯಂತ್ರ ರಿಪೇರಿ ಇದ್ದರೂ ದಿನಚರಿ ಸ್ಥಿರವಾಗಿರುತ್ತದೆ, ಹೊಸ ಅಭ್ಯಾಸ ಆರಂಭಿಸಲು ಅದೇ ಒಳ್ಳೆಯ ಕಾಲ. ಮಳೆಗಾಲಕ್ಕೆ ಎಲ್ಲರೂ ಮೇ ತಿಂಗಳಲ್ಲೇ ಮುದ್ರಿಸಿದ ಟಿಪ್ಪಣಿ, ಚಾರ್ಜಿನ ದೀಪ, ತೇವ ತಾಗದ ಪ್ಲಾಸ್ಟಿಕ್ ಚೀಲ ಸಿದ್ಧಮಾಡಿಕೊಳ್ಳಬೇಕು.

ಹನ್ನೆರಡು ವಾರ ಹೇಗೆ ಸಾಗಬೇಕು

ಮೊದಲ ವಾರ ಏನೂ ಬದಲಿಸಬೇಡಿ, ದಿನದಲ್ಲಿ ತಪ್ಪದೆ ನಡೆಯುವ ಕ್ರಿಯೆಗಳನ್ನು ಬರೆದಿಟ್ಟು ಗೂಟ ಹುಡುಕಿ. ಎರಡು ಮತ್ತು ಮೂರನೇ ವಾರ ಚಿಕ್ಕ ಅಳತೆ ಮಾತ್ರ, ಉತ್ಸಾಹ ಬಂದರೂ 5 ನಿಮಿಷಕ್ಕೆ ಏಳಿ. ಈ ಹಂತದಲ್ಲಿ ಮೈಗೂಡಬೇಕಾದದ್ದು ಕೂರುವ ಕ್ರಿಯೆ. ನಾಲ್ಕನೇ ವಾರದಿಂದ ಪೂರ್ಣ ಅಳತೆ, ಜೊತೆಗಾರನ ಭಾನುವಾರದ ಫೋನೂ ಆಗಲೇ ಶುರು. ಆರನೇ ವಾರ ತಿದ್ದುವವರಿಗೆ ಮೊದಲ ಕೆಲಸ ಕಳಿಸಿ. ನಾಲ್ಕು ವಾರದ ಕೆಲಸ ಕೈಯಲ್ಲಿ ಇಲ್ಲದೆ ಅವರ ಬಾಗಿಲು ತಟ್ಟುವುದು ಬೇಡ. ಏಳು, ಎಂಟನೇ ವಾರ ಸಾಮಾನ್ಯವಾಗಿ ಸಪ್ಪೆ. ಹೊಸತನ ಹೋಗಿರುತ್ತದೆ, ಫಲ ಬಂದಿರುವುದಿಲ್ಲ. ಬಿಡುವವರಲ್ಲಿ ಬಹಳ ಮಂದಿ ಬಿಡುವುದು ಇಲ್ಲಿಯೇ. ಆ ಎರಡು ವಾರಕ್ಕೆ ಜೊತೆಗಾರನ ಫೋನನ್ನು ವಾರಕ್ಕೆರಡು ಮಾಡಿ. ಒಂಬತ್ತರಿಂದ ದೂರದ ಪರಿಚಯದವರಿಗೆ ಬರೆಯಲು ಶುರುಮಾಡಿ, ವಾರಕ್ಕೊಬ್ಬರು.

ಹನ್ನೆರಡನೇ ವಾರ ಕ್ಯಾಲೆಂಡರಿನ ವೃತ್ತ ಎಣಿಸಿ. ಎರಡನೇ ವಾರದಿಂದ ಲೆಕ್ಕ ಹಾಕಿದರೆ ಒಟ್ಟು 77 ದಿನ. ಎರಡೂ ಬಗೆಯ ವೃತ್ತ ಸೇರಿ 62ಕ್ಕಿಂತ ಹೆಚ್ಚಿದ್ದರೆ ಅಭ್ಯಾಸ ನೆಲೆಯೂರುತ್ತಿದೆ. ಖಾಲಿ ವೃತ್ತವೇ ಹೆಚ್ಚಾಗಿದ್ದರೆ 40 ನಿಮಿಷ ನಿಮ್ಮ ದಿನಕ್ಕೆ ದೊಡ್ಡದಾಯಿತು, 20ಕ್ಕೆ ಇಳಿಸಿ. ಒಟ್ಟು ಸಂಖ್ಯೆ 45ಕ್ಕಿಂತ ಕಡಿಮೆ ಇದ್ದರೆ ಅಭ್ಯಾಸವನ್ನು ಬದಲಿಸಬೇಡಿ, ಗೂಟ ಬದಲಿಸಿ. ತಪ್ಪಿದ ದಿನಗಳು ಯಾವ ವಾರದಲ್ಲಿ ಗುಂಪಾಗಿವೆ ಎಂದು ನೋಡಿದರೆ ಕಾರಣ ಸಿಗುತ್ತದೆ: ನೆಂಟರು, ಜಾತ್ರೆ, ಪಾಳಿ ಬದಲು, ಕರೆಂಟು. ಎರಡನೇ ಅಭ್ಯಾಸ ಸೇರಿಸಬೇಕೆಂದಿದ್ದರೆ ಮೊದಲನೆಯದು ನೆನಪು ಮಾಡಿಕೊಳ್ಳದೆಯೂ ನಡೆಯತೊಡಗಿದ ಮೇಲೆ ಸೇರಿಸಿ. ಕೊಯ್ಲಿನ ತಿಂಗಳಲ್ಲಿ, ಮಗುವಿನ ಪರೀಕ್ಷೆಯ ತಿಂಗಳಲ್ಲಿ, ಮನೆಯಲ್ಲಿ ಮದುವೆ ಇರುವ ತಿಂಗಳಲ್ಲಿ ಮಾತ್ರ ಸೇರಿಸಬೇಡಿ. ಅದಕ್ಕೂ ಕಾಯುವವರು ಯಾರು ಎಂಬುದನ್ನು ಶುರು ಮಾಡುವ ಮೊದಲೇ ನಕ್ಷೆಯಲ್ಲಿ ಬರೆದಿಡಿ.